ಕೋಣೆ ಮೊದಲು, ಪ್ರೊಜೆಕ್ಟರ್ ನಂತರ: ಎರಡು ಯಂತ್ರಗಳನ್ನು ಬಳಸಿದವನ ವಿಮರ್ಶೆ

ಹೋಮ್ ಥಿಯೇಟರಿಗೆಂದೇ ಮೀಸಲಿಟ್ಟ ಒಂದು ಕೋಣೆಯಲ್ಲಿ ನಾನು ಇದುವರೆಗೆ ಎರಡು ಪ್ರೊಜೆಕ್ಟರುಗಳನ್ನು ಬಳಸಿದ್ದೇನೆ. ಮೊದಲನೆಯದರೊಂದಿಗೆ ನಾಲ್ಕು ವರ್ಷ ಹೆಣಗಿದೆ. ಎರಡನೆಯದು ಬಂದು ಒಂದೂವರೆ ವರ್ಷವಾಗಿದ್ದು, ಅದರ ಗುಣದೋಷಗಳನ್ನು ಈಗ ಧೈರ್ಯವಾಗಿ ಬರೆಯಬಹುದು ಎನ್ನಿಸಿದೆ. ಎರಡರ ಮಾದರಿಯ ಹೆಸರನ್ನೂ ಇಲ್ಲಿ ಹೇಳುತ್ತಿಲ್ಲ. ಮಾದರಿಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತವೆ. ನಾನು ಮಾಡಿದ ತಪ್ಪು ಮಾತ್ರ ಯಾವ ಮಾದರಿಯನ್ನು ಕೊಂಡರೂ ಮಾಡಬಹುದಾದಂಥದ್ದು. ಯಂತ್ರವನ್ನು ಮೊದಲು ಕೊಂಡು ತಂದು, ಆಮೇಲೆ ಅದನ್ನು ಎಲ್ಲಿ ನೇತುಹಾಕುವುದೆಂದು ಚಾವಣಿಯ ಕಡೆ ನೋಡುತ್ತ ನಿಂತೆ.

ಕೋಣೆಯ ಉದ್ದ 5.4 ಮೀಟರ್, ಅಗಲ 3.6 ಮೀಟರ್, ಎತ್ತರ 2.9 ಮೀಟರ್. ಪರದೆ 100 ಇಂಚಿನದು, ಅಂದರೆ ಮೂಲೆಯಿಂದ ಮೂಲೆಗೆ ಅಳೆದರೆ 100 ಇಂಚು. 16:9 ಆಕಾರದಲ್ಲಿ ಇದರ ಅಗಲ 221 ಸೆಂಟಿಮೀಟರ್, ಎತ್ತರ ಸುಮಾರು 125 ಸೆಂಟಿಮೀಟರ್. ಆಸನಗಳು ಪರದೆಯಿಂದ 3.3 ಮೀಟರ್ ದೂರದಲ್ಲಿವೆ. ಈ ಕೆಲವು ಅಂಕಿಗಳನ್ನು ಓದುಗರು ನೆನಪಿಟ್ಟುಕೊಂಡರೆ ಸಾಕು, ಮುಂದಿನ ಲೆಕ್ಕವೆಲ್ಲ ಇವುಗಳಿಂದಲೇ ಹುಟ್ಟುತ್ತದೆ.

ಪರದೆಯ ಗಾತ್ರವನ್ನು ಆರಿಸುವಾಗ ನನಗೆ 120 ಇಂಚಿನ ಮೇಲೆ ಆಸೆಯಿತ್ತು. ಗೋಡೆಯ ಮೇಲೆ ಮಾಸ್ಕಿಂಗ್ ಟೇಪಿನಿಂದ ಎರಡೂ ಚೌಕಟ್ಟುಗಳನ್ನು ಅಂಟಿಸಿ, ಒಂದು ವಾರ ಅದೇ ಕೋಣೆಯಲ್ಲಿ ಕುಳಿತು ಓದುವುದು, ಕಾಫಿ ಕುಡಿಯುವುದು ಮಾಡಿದ ಮೇಲೆ ಆಸೆ ತಣ್ಣಗಾಯಿತು. 120 ಇಂಚಿನ ಪರದೆಯ ಅಗಲ 266 ಸೆಂಟಿಮೀಟರ್. 3.6 ಮೀಟರ್ ಅಗಲದ ಗೋಡೆಯಲ್ಲಿ ಅದರ ಎರಡೂ ಬದಿಗೆ ಉಳಿಯುವ ಜಾಗ ತಲಾ 47 ಸೆಂಟಿಮೀಟರ್ ಮಾತ್ರ. ಮುಂದಿನ ಎಡ ಬಲ ಸ್ಪೀಕರುಗಳು ಮೂಲೆಗೆ ಒತ್ತಿಕೊಂಡು ನಿಲ್ಲಬೇಕಾಗುತ್ತದೆ. ಇದಲ್ಲದೆ ನೋಟದ ಕೋನದ ಪ್ರಶ್ನೆಯೂ ಇದೆ. ಪರದೆಯ ಅಗಲ ನಮ್ಮ ಕಣ್ಣಿಗೆ ಸುಮಾರು 30 ಡಿಗ್ರಿಯಿಂದ 40 ಡಿಗ್ರಿಯವರೆಗೆ ಹರಡಿಕೊಂಡರೆ ಚಿತ್ರ ದೊಡ್ಡದಾಗಿಯೂ ಇರುತ್ತದೆ, ಕುತ್ತಿಗೆ ತಿರುಗಿಸುವ ಕಷ್ಟವೂ ಬರುವುದಿಲ್ಲ ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ನಡೆದು ಬಂದ ಅಳತೆ. ನನ್ನ ಆಸನದಿಂದ 100 ಇಂಚು 37 ಡಿಗ್ರಿಯಷ್ಟಾಗುತ್ತದೆ, 120 ಇಂಚು 44 ಡಿಗ್ರಿಗೆ ಹೋಗುತ್ತದೆ. ಮೊದಲ ಸಾಲಿನಲ್ಲಿ ಕುಳಿತು ಸಿನಿಮಾ ನೋಡುವುದನ್ನು ಇಷ್ಟಪಡುವವರಿಗೆ ಎರಡನೆಯದೇ ಹಿತವಾಗಬಹುದು, ನನಗೆ ಅಲ್ಲ.

ಮೊದಲ ಪ್ರೊಜೆಕ್ಟರ್ ಡಿಎಲ್‌ಪಿ (ಸೂಕ್ಷ್ಮ ಕನ್ನಡಿಗಳಿಂದ ಚಿತ್ರ ಮೂಡಿಸುವ) ವರ್ಗದ್ದು, ದೀಪದಿಂದ ಉರಿಯುವಂಥದ್ದು, 1920×1080 ಪಿಕ್ಸೆಲ್‌ಗಳದ್ದು. ಪೆಟ್ಟಿಗೆಯ ಮೇಲೆ 3500 ಲ್ಯೂಮೆನ್ (ಯಂತ್ರ ಹೊರಸೂಸುವ ಒಟ್ಟು ಬೆಳಕಿನ ಅಳತೆ) ಎಂದು ದಪ್ಪ ಅಕ್ಷರದಲ್ಲಿತ್ತು. ಅದನ್ನು ನೋಡಿಯೇ ನಾನು ಮರುಳಾದೆ. ನೋಡಬೇಕಾಗಿದ್ದ ಸಾಲು ಬೇರೆ ಇತ್ತು, ಅದು ಕೈಪಿಡಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ಥ್ರೋ ರೇಷಿಯೊ 1.5 ರಿಂದ 1.65, ಲೆನ್ಸ್ ಶಿಫ್ಟ್ ಇಲ್ಲ (ಅಂದರೆ ಯಂತ್ರವನ್ನು ಅಲುಗಿಸದೆ ಚಿತ್ರವನ್ನು ಸರಿಸುವ ಸೌಲಭ್ಯವಿಲ್ಲ).

ಥ್ರೋ ರೇಷಿಯೊ ಎಂದರೆ ಲೆನ್ಸಿನಿಂದ ಪರದೆಗೆ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆ. ಭಾಗಿಸಬೇಕಾದದ್ದು ಅಗಲದಿಂದ, ಕರ್ಣದಿಂದಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ, ಏಕೆಂದರೆ ನನ್ನ ಭಾವನವರು ಕರ್ಣದಿಂದ ಲೆಕ್ಕ ಹಾಕಿ ಮೌಂಟ್ ಕೊರೆಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. 221 ಸೆಂಟಿಮೀಟರ್ ಅಗಲಕ್ಕೆ ನನ್ನ ಯಂತ್ರ 3.32 ಮೀಟರಿನಿಂದ 3.65 ಮೀಟರಿನ ನಡುವೆ ಎಲ್ಲಿಯಾದರೂ ಇರಬಹುದಿತ್ತು, ಅದರಾಚೆಗೆ ಒಂದು ಗೇಣೂ ಇಲ್ಲ. 5.4 ಮೀಟರ್ ಉದ್ದದ ಕೋಣೆಯಲ್ಲಿ ಅದಕ್ಕೆ ದಕ್ಕಿದ್ದು ಸರಿಯಾಗಿ ನಮ್ಮ ನೆತ್ತಿಯ ಮೇಲಿನ 33 ಸೆಂಟಿಮೀಟರಿನ ಒಂದು ಪಟ್ಟಿ. ನಿಶ್ಶಬ್ದ ದೃಶ್ಯಗಳಲ್ಲಿ ಪಾತ್ರಗಳು ಪಿಸುಗುಟ್ಟುವಾಗ ಫ್ಯಾನಿನ ಸದ್ದು ತಲೆಯ ಮೇಲಿನಿಂದ ಇಳಿಯುತ್ತಿತ್ತು, ಬೇಸಿಗೆಯಲ್ಲಿ ಅದರ ಬಿಸಿಗಾಳಿಯೂ.

ಎತ್ತರದ ವಿಷಯ ಇನ್ನೂ ಕೆಟ್ಟದಾಗಿತ್ತು. ಲೆನ್ಸ್ ಶಿಫ್ಟ್ ಇಲ್ಲದ ಪ್ರೊಜೆಕ್ಟರುಗಳಲ್ಲಿ ಚಿತ್ರ ಲೆನ್ಸಿನಿಂದ ಎಷ್ಟು ಮೇಲೆ ಅಥವಾ ಕೆಳಗೆ ಬೀಳಬೇಕೆಂಬುದು ಕಾರ್ಖಾನೆಯಲ್ಲಿಯೇ ತೀರ್ಮಾನವಾಗಿರುತ್ತದೆ. ನನ್ನದರಲ್ಲಿ ಅದು ಚಿತ್ರದ ಎತ್ತರದ ಶೇ 15 ಇತ್ತು: ಯಂತ್ರವನ್ನು ತಲೆಕೆಳಗಾಗಿ ತೂಗುಹಾಕಿದಾಗ ಚಿತ್ರದ ಮೇಲಂಚು ಲೆನ್ಸಿನಿಂದ ಸುಮಾರು 19 ಸೆಂಟಿಮೀಟರ್ ಕೆಳಗೆ ಆರಂಭವಾಗುತ್ತದೆ. ಚಾವಣಿಗೆ ಅಂಟಿಸಿದಂತೆ ಮೌಂಟ್ ಮಾಡಿದರೆ ಲೆನ್ಸ್ 2.75 ಮೀಟರ್ ಎತ್ತರದಲ್ಲಿ ನಿಲ್ಲುತ್ತದೆ, ಚಿತ್ರದ ಮೇಲಂಚು 2.56 ಮೀಟರಿಗೆ ಬರುತ್ತದೆ, ಕೆಳಂಚು 1.31 ಮೀಟರಿಗೆ. ಸೋಫಾದಲ್ಲಿ ಕುಳಿತವರ ಕಣ್ಣು ನೆಲದಿಂದ 1.1 ಮೀಟರಿನಷ್ಟು ಎತ್ತರದಲ್ಲಿರುತ್ತದೆ. ಹೀಗಾಗಿ ಇಡೀ ಚಿತ್ರ ಕಣ್ಣಿನ ಮಟ್ಟಕ್ಕಿಂತ ಮೇಲೆ ಉಳಿದು, ಎರಡೂವರೆ ಗಂಟೆ ಗೋಪುರ ನೋಡಿದಂತೆ ಕತ್ತೆತ್ತಿ ಕುಳಿತಿರಬೇಕು. ಸರಿಯಾದ ಪರಿಹಾರವೆಂದರೆ ಇನ್ನೂ 55 ಸೆಂಟಿಮೀಟರಿನಷ್ಟು ಉದ್ದದ ಕೊಳವೆ ಹಾಕಿ ಯಂತ್ರವನ್ನು ಕೆಳಗಿಳಿಸುವುದು. ಹಾಗೆ ಮಾಡಿ ನೋಡಿದೆ. ಮಹಡಿಯ ಮೇಲೆ ಯಾರಾದರೂ ಓಡಾಡಿದರೆ ಕೊಳವೆಯ ತುದಿಯಲ್ಲಿದ್ದ ಯಂತ್ರ ಸಣ್ಣಗೆ ನಡುಗುತ್ತಿತ್ತು. ಅಲ್ಲಿನ ಕೂದಲೆಳೆಯಷ್ಟು ನಡುಕ ಪರದೆಯ ಮೇಲೆ ಬೆರಳಿನಷ್ಟಾಗಿ ಕಾಣುತ್ತದೆ.

ಕೊನೆಗೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕೊಳವೆಯನ್ನು ಗಿಡ್ಡ ಮಾಡಿ, ಯಂತ್ರವನ್ನು ಕೆಳಮುಖವಾಗಿ ಓರೆ ಮಾಡಿ, ವಕ್ರವಾದ ಚಿತ್ರವನ್ನು ಕೀಸ್ಟೋನ್ ತಿದ್ದುಪಡಿಯಿಂದ ಚೌಕಟ್ಟಿಗೆ ಕೂರಿಸಿದೆ. ಕೀಸ್ಟೋನ್ ಅನುಕೂಲವೆಂದು ಜಾಹೀರಾತುಗಳು ಹೇಳುತ್ತವೆ. ವಾಸ್ತವದಲ್ಲಿ ಅದು ಚಿತ್ರವನ್ನು ಯಂತ್ರದೊಳಗೆ ಅದು ಮೂಡುವ ಫಲಕದ ಒಳಗೇ ಕುಗ್ಗಿಸಿ, ಅಂಚಿನ ಪಿಕ್ಸೆಲ್‌ಗಳನ್ನು ನಂದಿಸಿ, ಉಳಿದವುಗಳಲ್ಲಿ ಚಿತ್ರವನ್ನು ಮತ್ತೆ ಹೆಣೆಯುತ್ತದೆ. ಉಪಶೀರ್ಷಿಕೆಯ ಅಕ್ಷರಗಳ ಅಂಚು ಮೆತ್ತಗಾಗುತ್ತದೆ. ಓರೆ ಗೆರೆಗಳು ಮೆಟ್ಟಿಲು ಮೆಟ್ಟಿಲಾಗುತ್ತವೆ. ನಂದಿಸಿದ ಪಿಕ್ಸೆಲ್‌ಗಳಿಂದಲೂ ಸ್ವಲ್ಪ ಬೆಳಕು ಸೋರಿ ಪರದೆಯ ಹೊರಗೆ ಬೂದು ಬಣ್ಣದ ತ್ರಿಕೋನಗಳು ಕಾಣುತ್ತವೆ. ಮೇಜಿನ ಮೇಲಿಟ್ಟು ಅರ್ಧ ಗಂಟೆ ಸ್ಲೈಡ್ ತೋರಿಸುವವರಿಗೆ ಇದು ವರ. ಸಿನಿಮಾಕ್ಕೆಂದೇ ಕಟ್ಟಿದ ಕೋಣೆಯಲ್ಲಿ ಕೀಸ್ಟೋನ್ ಸೊನ್ನೆಯಲ್ಲಿಯೇ ಇರಬೇಕು, ಇರಲಾಗದಿದ್ದರೆ ಯಂತ್ರವೋ ಜಾಗವೋ ತಪ್ಪಾಗಿದೆ ಎಂದೇ ತಿಳಿಯಬೇಕು.

ಇಷ್ಟಾದ ಮೇಲೆ ಡಿಎಲ್‌ಪಿಯ ಗುಣವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ ಸೂಕ್ಷ್ಮ ಕನ್ನಡಿಗಳ ಎಲೆಕ್ಟ್ರಾನಿಕ್ ಚಿಪ್ಪು ಇದರ ಹೃದಯ. ಒಂದೊಂದು ಕನ್ನಡಿಯೂ ಸೆಕೆಂಡಿಗೆ ಸಾವಿರಾರು ಬಾರಿ ಅತ್ತಿತ್ತ ವಾಲುತ್ತ ಬೆಳಕನ್ನು ಲೆನ್ಸಿನ ಕಡೆಗೆ ಅಥವಾ ಅದರಿಂದ ಆಚೆಗೆ ಎಸೆಯುತ್ತದೆ. ಒಂದೇ ಚಿಪ್ಪು ಇರುವುದರಿಂದ ಮೂರು ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಹೋಗುವ ತೊಂದರೆ ಇಲ್ಲ, ಚಿತ್ರ ಕತ್ತರಿಸಿಟ್ಟಂತೆ ಚೂಪಾಗಿರುತ್ತದೆ. ಆದರೆ ಬಣ್ಣಗಳನ್ನು ಒಂದಾದ ಮೇಲೊಂದರಂತೆ ತೋರಿಸಲು ತಿರುಗುವ ಬಣ್ಣದ ಚಕ್ರ ಬೇಕು. ಕೆಲವರ ಕಣ್ಣಿಗೆ ಆ ಕೆಂಪು ಹಸಿರು ನೀಲಿಗಳು ಬೇರೆ ಬೇರೆಯಾಗಿ ಮಿಂಚಿ ಮಾಯವಾಗುತ್ತವೆ. ಮಾರಾಟಗಾರರು ಇದನ್ನು ರೇನ್‌ಬೋ ಎಂದು ಚೆಂದದ ಹೆಸರಿನಿಂದ ಕರೆಯುತ್ತಾರೆ. ನನಗೆ ಅದು ಒಮ್ಮೆಯೂ ಕಾಣಲಿಲ್ಲ. ನನ್ನ ತಂಗಿಗೆ ಮೊದಲ ಹತ್ತು ನಿಮಿಷದಲ್ಲಿಯೇ ಕಂಡಿತು: ಕತ್ತಲ ದೃಶ್ಯದಲ್ಲಿ ಬಿಳಿ ಉಪಶೀರ್ಷಿಕೆಯಿಂದ ಕಣ್ಣು ಮೇಲೆತ್ತಿದಾಗಲೆಲ್ಲ ಅಕ್ಷರಗಳಿಂದ ಬಣ್ಣ ಚೆಲ್ಲಿದಂತಾಗುತ್ತದೆ ಎಂದಳು, ಮತ್ತೆ ಆ ಕೋಣೆಗೆ ತಲೆನೋವಿಲ್ಲದೆ ಬರಲಿಲ್ಲ. ಆದ್ದರಿಂದ ಒಂದೇ ಚಿಪ್ಪಿನ ಯಂತ್ರವನ್ನು ಕೊಳ್ಳುವವರು ಮನೆಯವರೆಲ್ಲರನ್ನೂ ಕರೆದೊಯ್ದು ಕಪ್ಪು ಬಿಳುಪು ಚಿತ್ರವೊಂದನ್ನು ಹಾಕಿಸಿ ನೋಡುವುದು ಒಳ್ಳೆಯದು, ಏಕೆಂದರೆ ಬಣ್ಣವಿಲ್ಲದ ಕಡೆಯೇ ಬಣ್ಣ ಬೇಗ ಸಿಕ್ಕಿಬೀಳುತ್ತದೆ.

ಲ್ಯೂಮೆನ್‌ನ ಮೋಹ ಬಿಟ್ಟದ್ದು ಒಂದು ಚದರ ಮೀಟರಿಗೆ ಬೀಳುವ ಬೆಳಕನ್ನು ಅಳೆಯುವ ಒಂದು ಸಣ್ಣ ಲಕ್ಸ್ ಮೀಟರ್ ಕೈಗೆ ಬಂದ ದಿನ. ಪರದೆಯನ್ನು ಒಂಬತ್ತು ಚೌಕಗಳೆಂದು ಭಾವಿಸಿ, ಪೂರ್ತಿ ಬಿಳಿಯ ಚಿತ್ರವನ್ನು ಬಿಟ್ಟು, ಪ್ರತಿ ಚೌಕದ ಮಧ್ಯದಲ್ಲಿ ಮೀಟರನ್ನು ಪ್ರೊಜೆಕ್ಟರಿನ ಕಡೆಗೆ ಹಿಡಿದು ಅಳೆದು, ಸರಾಸರಿಯನ್ನು ಪರದೆಯ ವಿಸ್ತೀರ್ಣದಿಂದ ಗುಣಿಸಿದರೆ ನಿಜವಾದ ಲ್ಯೂಮೆನ್ ದೊರೆಯುತ್ತದೆ. ನನ್ನ ಪರದೆಯ ವಿಸ್ತೀರ್ಣ 2.75 ಚದರ ಮೀಟರ್. ಹಳೆಯ ಯಂತ್ರ, ಸಿನಿಮಾ ಮೋಡ್‌ನಲ್ಲಿ, ಸದ್ದು ತಾಳಲಾರದೆ ದೀಪವನ್ನು ತಗ್ಗಿಸುವ ಎಕೋದಲ್ಲಿ ಓಡಿಸುತ್ತಿದ್ದ ಸ್ಥಿತಿಯಲ್ಲಿ, ಸುಮಾರು 2000 ಗಂಟೆ ಉರಿದ ದೀಪದೊಂದಿಗೆ ಕೊಟ್ಟದ್ದು ಸರಾಸರಿ 270 ಲಕ್ಸ್, ಅಂದರೆ 740 ಲ್ಯೂಮೆನ್. ಪೆಟ್ಟಿಗೆಯ ಮೇಲಿನ 3500 ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಹಸಿರು ತಿರುಗಿದ ಅತಿ ಪ್ರಕಾಶದ ಮೋಡ್‌ನಲ್ಲಿ, ಹೊಸ ದೀಪದಲ್ಲಿ, ಬಣ್ಣದ ಚಕ್ರದಲ್ಲಿದ್ದ ಬಿಳಿಯ ಭಾಗದ ನೆರವಿನಿಂದ ಬರುವ ಅಂಕಿ. ಅಂಥ ಮೋಡ್‌ನಲ್ಲಿ ಮನುಷ್ಯರ ಮುಖ ಕಾಮಾಲೆ ಬಂದವರಂತೆ ಕಾಣುತ್ತದೆ, ಹಾಗಾಗಿ ಯಾರೂ ಅದನ್ನು ಬಳಸುವುದಿಲ್ಲ.

ಹಾಗಾದರೆ ಎಷ್ಟು ಬೆಳಕು ಸಾಕು? ಡಿಜಿಟಲ್ ಚಿತ್ರಮಂದಿರಗಳಿಗೆ ನಿಗದಿಯಾಗಿರುವ ಪರದೆಯ ಪ್ರಕಾಶ 48 ನಿಟ್ (ಪರದೆ ಎಷ್ಟು ಪ್ರಕಾಶಮಾನವಾಗಿ ಕಾಣುತ್ತದೆ ಎಂಬುದರ ಮಾನ). ಮನೆಯ ಟಿವಿಗಳ ನೂರಾರು ನಿಟ್‌ಗಳ ಮುಂದೆ ಇದು ಬಡಪಾಯಿಯಂತೆ ಕೇಳಿಸಿದರೂ, ಪೂರ್ತಿ ಕತ್ತಲಲ್ಲಿ ಕಣ್ಣು ಹೊಂದಿಕೊಂಡ ಮೇಲೆ ಅದೇ ಸಮೃದ್ಧವಾಗಿ ಕಾಣುತ್ತದೆ. ಗೇನ್ 1.0 ಇರುವ, ಅಂದರೆ ಬಿದ್ದ ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಚೆಲ್ಲುವ ಸಾಮಾನ್ಯ ಬಿಳಿ ಪರದೆಯಲ್ಲಿ ಲಕ್ಸನ್ನು 3.14ರಿಂದ ಭಾಗಿಸಿದರೆ ನಿಟ್ ದೊರೆಯುತ್ತದೆ. ಆ ಲೆಕ್ಕದಲ್ಲಿ ನನ್ನ ಹಳೆಯ, ಬಡಕಲಾದ ಯಂತ್ರವೂ 86 ನಿಟ್ ಕೊಡುತ್ತಿತ್ತು. ಬೆಳಕಿನ ಕೊರತೆ ನನಗೆ ಯಾವತ್ತೂ ಇರಲಿಲ್ಲ, ಕಪ್ಪಿನ ಕೊರತೆ ಇತ್ತು.

ಪ್ರೊಜೆಕ್ಟರ್ ಕಪ್ಪನ್ನು ಚೆಲ್ಲಲಾರದು, ಬೆಳಕನ್ನು ತಡೆಹಿಡಿಯಬಲ್ಲದಷ್ಟೇ. ತಡೆಹಿಡಿದ ಜಾಗಕ್ಕೆ ಬೇರೆ ಕಡೆಯಿಂದ ಬೆಳಕು ಬಿದ್ದರೆ ಅಲ್ಲಿ ಕಪ್ಪು ಹುಟ್ಟುವುದಿಲ್ಲ. ಕಿಟಕಿಯಿಂದ ಬರುವ ಬೆಳಕನ್ನು ದಪ್ಪ ಪರದೆಗಳಿಂದ ಎಲ್ಲರೂ ಮುಚ್ಚುತ್ತಾರೆ; ಸಿನಿಮಾದ ಬೆಳಕೇ ಬಿಳಿ ಚಾವಣಿಗೂ ಕೆನೆಬಣ್ಣದ ಗೋಡೆಗೂ ತಾಗಿ ತಿರುಗಿ ಪರದೆಗೆ ಬೀಳುತ್ತದೆ ಎಂಬುದು ಹೊಳೆಯುವುದು ತಡವಾಗಿ. ಚದುರಂಗದ ಮಣೆಯಂಥ ಕಪ್ಪು ಬಿಳುಪಿನ ಚಿತ್ರವನ್ನು ಬಿಟ್ಟು ನೋಡಿದೆ. ನನ್ನ ಮೀಟರ್ ಪ್ರಯೋಗಾಲಯದ್ದಲ್ಲ, ಆದರೂ ಹೋಲಿಕೆಗೆ ಸಾಕು: ಬಿಳಿಯ ಚೌಕದಲ್ಲಿ 260 ಲಕ್ಸ್ ಇದ್ದರೆ ಪಕ್ಕದ ಕಪ್ಪು ಚೌಕದಲ್ಲಿ 4 ಲಕ್ಸ್ ಇತ್ತು. ಆಮೇಲೆ ಪರದೆಯ ಗೋಡೆಯನ್ನೂ, ಅಲ್ಲಿಂದ ಎರಡು ಮೀಟರಿನವರೆಗಿನ ಪಕ್ಕದ ಗೋಡೆ ಮತ್ತು ಚಾವಣಿಯನ್ನೂ ಹೊಳಪಿಲ್ಲದ ಕಡುಬೂದು ಬಣ್ಣದಿಂದ ಬಳಿಸಿ, ಪರದೆಯ ಮುಂದೆ ಗಾಢ ಬಣ್ಣದ ಜಮಖಾನ ಹಾಸಿದೆ. ಅದೇ ಯಂತ್ರ, ಅದೇ ದೀಪ. ಕಪ್ಪು ಚೌಕದಲ್ಲಿ ಈಗ 1.6 ಲಕ್ಸ್. ಯಂತ್ರವನ್ನು ಬದಲಿಸಿದಾಗ ಬಂದ ವ್ಯತ್ಯಾಸ ಇದಕ್ಕಿಂತ ಹೆಚ್ಚು ಬೆರಗು ಹುಟ್ಟಿಸಲಿಲ್ಲ ಎಂದರೆ ಅತಿಶಯವಲ್ಲ. ಬಣ್ಣದ ಡಬ್ಬಿಯನ್ನು ಹೋಮ್ ಥಿಯೇಟರಿನ ಉಪಕರಣಗಳ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ, ಸೇರಿಸಬೇಕು.

ಎರಡನೆಯ ಬಾರಿಗೆ ಕ್ರಮವನ್ನು ತಿರುಗಿಸಿದೆ. ಮೊದಲು ಜಾಗ ಗೊತ್ತು ಮಾಡಿದೆ: ಹಿಂದಿನ ಗೋಡೆಗೆ ಬಲವಾದ ಒಂದು ಶೆಲ್ಫ್. ಚಾವಣಿಯಲ್ಲಿ ತೂಗುವುದಕ್ಕಿಂತ ಶೆಲ್ಫ್ ವಾಸಿ ಎನ್ನುವುದು ನನ್ನ ಅನುಭವ, ಏಕೆಂದರೆ ಭಾರದ ಯಂತ್ರ ನಡುಗದೆ ಕೂರುತ್ತದೆ, ಫಿಲ್ಟರ್ ಶುಚಿ ಮಾಡಲು ಏಣಿಯ ಮೇಲೆ ನಿಂತು ತಲೆಕೆಳಗಾದ ಮುಚ್ಚಳದೊಂದಿಗೆ ಗುದ್ದಾಡಬೇಕಿಲ್ಲ, ಸದ್ದೂ ಹಿಂದೆ ದೂರದಲ್ಲಿ ಉಳಿಯುತ್ತದೆ. ಯಂತ್ರದ ಉದ್ದ ಸುಮಾರು ಅರ್ಧ ಮೀಟರ್, ಹಿಂದೆ ಗಾಳಿಗೆ 15 ಸೆಂಟಿಮೀಟರ್, ಪರದೆಯ ಚೌಕಟ್ಟು ಗೋಡೆಯಿಂದ 10 ಸೆಂಟಿಮೀಟರ್ ಮುಂದಕ್ಕೆ. ಇವೆಲ್ಲ ಕಳೆದರೆ ಲೆನ್ಸಿನಿಂದ ಪರದೆಗೆ 4.65 ಮೀಟರ್. 2.21ರಿಂದ ಭಾಗಿಸಿದರೆ 2.1. ಇಷ್ಟು ಗೊತ್ತಾದ ಮೇಲೆ ಅಂಗಡಿಯ ಪಟ್ಟಿ ತಾನಾಗಿಯೇ ಚಿಕ್ಕದಾಯಿತು. ಥ್ರೋ ರೇಷಿಯೊ 2.1ನ್ನು ಒಳಗೊಳ್ಳದ ಯಂತ್ರ ಎಷ್ಟೇ ಹೊಗಳಿಕೆ ಪಡೆದಿದ್ದರೂ ನನ್ನ ಕೋಣೆಗೆ ಬರುವಂತಿರಲಿಲ್ಲ.

ಸಂಖ್ಯೆ ಜೂಮಿನ ವ್ಯಾಪ್ತಿಯೊಳಗೆ ಎಲ್ಲಿ ಬೀಳುತ್ತದೆ ಎಂಬುದನ್ನೂ ನೋಡಬೇಕು. ಪರದೆಗೆ ಹತ್ತಿರವಿಟ್ಟು ಜೂಮನ್ನು ಪೂರ್ತಿ ಅಗಲ ಮಾಡಿದಾಗ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ. ದೂರವಿಟ್ಟು ಜೂಮನ್ನು ಕಿರಿದು ಮಾಡಿದಾಗ ಬೆಳಕು ಗಣನೀಯವಾಗಿ ತಗ್ಗಿ, ಅದರ ಬದಲಿಗೆ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಅಂತರ) ಸ್ವಲ್ಪ ಏರುತ್ತದೆ. ನಾನು ಆರಿಸಿದ ಯಂತ್ರದ ವ್ಯಾಪ್ತಿ 1.4 ರಿಂದ 2.8, ಹಾಗಾಗಿ 2.1 ಎರಡರ ನಟ್ಟನಡುವೆ. ಕತ್ತಲ ಕೋಣೆಯಿರುವವನಿಗೆ ಇದು ಒಳ್ಳೆಯ ಜಾಗ. ಕಿಟಕಿಯ ಬೆಳಕಿನೊಂದಿಗೆ ಹೋರಾಡಬೇಕಾದವರು ಯಂತ್ರವನ್ನು ಆದಷ್ಟು ಮುಂದಕ್ಕೆ ತರುವುದೇ ಲೇಸು.

ಎತ್ತರದ ಲೆಕ್ಕ ಹೀಗಿತ್ತು. ಚಿತ್ರದ ಕೆಳಂಚು 75 ಸೆಂಟಿಮೀಟರಿನಲ್ಲಿ, ಮೇಲಂಚು 2 ಮೀಟರಿನಲ್ಲಿ, ಮಧ್ಯ 1.37 ಮೀಟರಿನಲ್ಲಿ, ಕುಳಿತವರ ಕಣ್ಣು ಚಿತ್ರದ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ನೆಲೆಸುತ್ತದೆ. ಬಾಗಿಲಿನ ಮೇಲ್ಪಟ್ಟಿ ಅಡ್ಡ ಬರುತ್ತಿದ್ದುದರಿಂದ ಶೆಲ್ಫಿನ ಮೇಲೆ ಲೆನ್ಸ್ 2.25 ಮೀಟರಿಗಿಂತ ಕೆಳಗೆ ಬರುವಂತಿರಲಿಲ್ಲ. ಚಿತ್ರದ ಮಧ್ಯಕ್ಕೂ ಲೆನ್ಸಿಗೂ ಇರುವ ಅಂತರ 88 ಸೆಂಟಿಮೀಟರ್, ಎಂದರೆ ಚಿತ್ರದ ಎತ್ತರದ ಶೇ 70. ನಾನು ನೋಡಿದ ಒಂದು ಯಂತ್ರದ ಲೆನ್ಸ್ ಶಿಫ್ಟ್ ಮೇಲಕ್ಕೂ ಕೆಳಕ್ಕೂ ಶೇ 60 ಮಾತ್ರ ಇತ್ತು. ಚಿತ್ರ ಬಹಳ ಚೆನ್ನಾಗಿದ್ದರೂ ಆ ಶೇ 10ರ ಕೊರತೆಗಾಗಿ ಅದನ್ನು ಬಿಟ್ಟೆ. ಕೊಂಡದ್ದರಲ್ಲಿ ಶೇ 80 ಇದೆ. ಇಲ್ಲಿ ಒಂದು ಎಚ್ಚರಿಕೆ: ಕಂಪನಿಗಳು ಈ ಶೇಕಡಾವಾರನ್ನು ಒಂದೇ ಬಗೆಯಲ್ಲಿ ಬರೆಯುವುದಿಲ್ಲ. ಕೆಲವರು ಚಿತ್ರದ ಮಧ್ಯದಿಂದ ಎಣಿಸುತ್ತಾರೆ, ಕೆಲವರು ಅಂಚಿನಿಂದ. ಅಂಕಿಯ ಬದಲು ಕೈಪಿಡಿಯಲ್ಲಿರುವ ರೇಖಾಚಿತ್ರವನ್ನು ನಂಬಬೇಕು. ಜೊತೆಗೆ, ಶಿಫ್ಟನ್ನು ಮೇಲೆ ಕೆಳಗೆ ಪೂರ್ತಿ ಬಳಸಿಕೊಂಡರೆ ಎಡ ಬಲಕ್ಕೆ ಸರಿಸಲು ಏನೂ ಉಳಿಯದಿರಬಹುದು. ಆದುದರಿಂದ ಎತ್ತರದಲ್ಲಿ ರಾಜಿ ಮಾಡಿಕೊಂಡವರು ಲೆನ್ಸನ್ನಾದರೂ ಪರದೆಯ ನಡುಗೆರೆಗೆ ಸರಿಯಾಗಿ ಕೂರಿಸಬೇಕು. ಯಂತ್ರದ ಮಧ್ಯವನ್ನು ಅಳೆಯಬಾರದು, ಲೆನ್ಸಿನ ಮಧ್ಯವನ್ನು ಅಳೆಯಬೇಕು. ಹಲವು ಯಂತ್ರಗಳಲ್ಲಿ ಲೆನ್ಸ್ ಒಂದು ಬದಿಗಿರುತ್ತದೆ.

ಪರದೆಯ ಕೆಳಂಚಿಗೆ ಹೋಗುವ ಬೆಳಕಿನ ಹಾದಿಯನ್ನೂ ದಾರ ಕಟ್ಟಿ ನೋಡಿದೆ. ಆಸನಗಳ ಮೇಲೆ ಅದು 1.8 ಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ಕುಳಿತವರ ತಲೆ ತಾಗುವುದಿಲ್ಲ, ಎದ್ದು ಹಿಂದಕ್ಕೆ ಹೋಗುವವರ ನೆರಳೂ ಬೀಳುವುದಿಲ್ಲ. ಪರದೆಯ ಹತ್ತಿರ ಓಡಾಡುವವರದು ಮಾತ್ರ ಬೀಳುತ್ತದೆ. ಸೀಲಿಂಗ್ ಫ್ಯಾನ್ ಇರುವ ಕೋಣೆಯಲ್ಲಿ ಅದರ ರೆಕ್ಕೆಗಳು ಬೆಳಕಿನ ಮೇಲಂಚಿಗೆ ಸಿಗುತ್ತವೆಯೇ ಎಂದು ಇದೇ ದಾರದಿಂದ ತಿಳಿಯುತ್ತದೆ.

ಹೊಸ ಯಂತ್ರ ಎಲ್‌ಕಾಸ್ (ಸಿಲಿಕಾನ್ ಮೇಲಿನ ದ್ರವಸ್ಫಟಿಕ ಫಲಕಗಳ) ವರ್ಗದ್ದು. ಕೆಂಪು, ಹಸಿರು, ನೀಲಿಗೆ ಒಂದೊಂದು ಫಲಕವಿದ್ದು ಮೂರೂ ಬಣ್ಣಗಳು ಒಟ್ಟಿಗೇ ಪರದೆಗೆ ಬರುತ್ತವೆ. ಜೆವಿಸಿ ಇದೇ ತಂತ್ರಜ್ಞಾನವನ್ನು ಡಿ-ಐಎಲ್‌ಎ ಎಂದೂ ಸೋನಿ ಎಸ್‌ಎಕ್ಸ್‌ಆರ್‌ಡಿ ಎಂದೂ ಕರೆಯುತ್ತವೆ. ಎಪ್ಸನ್ ಯಂತ್ರಗಳಲ್ಲಿರುವ 3ಎಲ್‌ಸಿಡಿಯೂ ಮೂರು ಫಲಕಗಳದ್ದೇ, ಆದರೆ ಅಲ್ಲಿ ಬೆಳಕು ಫಲಕದ ಮೂಲಕ ಹಾದುಹೋಗುತ್ತದೆ, ಇಲ್ಲಿ ಫಲಕದಿಂದ ಪ್ರತಿಫಲಿಸುತ್ತದೆ. ತಂಗಿ ಮತ್ತೆ ಸಿನಿಮಾಕ್ಕೆ ಬರತೊಡಗಿದಳು ಎಂಬುದನ್ನು ಮೊದಲು ದಾಖಲಿಸುತ್ತೇನೆ. ಇನ್ನು ಕಪ್ಪು: ರಾತ್ರಿಯ ಆಕಾಶ ಈಗ ಬೂದು ಬಟ್ಟೆಯಂತೆ ಕಾಣುವುದಿಲ್ಲ, ಅಗಲ ಸಿನಿಮಾಗಳ ಮೇಲೆ ಕೆಳಗಿನ ಕಪ್ಪು ಪಟ್ಟಿಗಳು ಪರದೆಯ ಮಖಮಲ್ಲಿನ ಚೌಕಟ್ಟಿನೊಂದಿಗೆ ಬಹುಮಟ್ಟಿಗೆ ಬೆರೆತುಹೋಗುತ್ತವೆ. 2.39:1 ಆಕಾರದ ಚಿತ್ರ ನನ್ನ ಪರದೆಯ ಎತ್ತರದ ಶೇ 74ನ್ನು ಮಾತ್ರ ತುಂಬುತ್ತದೆ, ಉಳಿದ ಕಾಲು ಭಾಗ ಕಪ್ಪಾಗಿಯೇ ಇರಬೇಕಾದ್ದರಿಂದ ಇದು ಸಣ್ಣ ಮಾತಲ್ಲ. ಕಾಂಟ್ರಾಸ್ಟ್ ಬಗ್ಗೆ ಜಾಹೀರಾತಿನಲ್ಲಿ ಬರುವ ಲಕ್ಷಗಟ್ಟಲೆ ಅಂಕಿಗಳನ್ನು ಬದಿಗಿಟ್ಟು, ಬೆಳಕಿನ ಮೂಲವನ್ನು ಕುಗ್ಗಿಸದೆ ಸಿಗುವ ಸಹಜ ಕಾಂಟ್ರಾಸ್ಟ್ ಎಷ್ಟೆಂದು ಕೇಳಬೇಕು. ಪೂರ್ತಿ ಕಪ್ಪಾದ ದೃಶ್ಯ ಬಂದಾಗ ಲೇಸರನ್ನೇ ನಂದಿಸಿ ದೊಡ್ಡ ಅಂಕಿ ಪಡೆಯುವುದು ಸುಲಭ.

4ಕೆ, ಅಂದರೆ ಅಗಲಕ್ಕೆ 3840 ಪಿಕ್ಸೆಲ್, ಬೇಕೇ ಎಂಬ ಪ್ರಶ್ನೆಗೆ ದೂರವೇ ಉತ್ತರ ಹೇಳುತ್ತದೆ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಸೂಕ್ಷ್ಮವನ್ನು ಬಿಡಿಸಿ ನೋಡಬಲ್ಲದು. 221 ಸೆಂಟಿಮೀಟರ್ ಅಗಲದಲ್ಲಿ 1920 ಪಿಕ್ಸೆಲ್ ಇದ್ದರೆ ಒಂದೊಂದೂ 1.15 ಮಿಲಿಮೀಟರ್, ಸುಮಾರು 4 ಮೀಟರಿಗಿಂತ ಹತ್ತಿರ ಕುಳಿತವರಿಗೆ ಅದರ ಜಾಲರಿ ಕಂಡೀತು. 3840 ಪಿಕ್ಸೆಲ್ ಇದ್ದರೆ ಆ ಗಡಿ 2 ಮೀಟರಿಗೆ ಇಳಿಯುತ್ತದೆ. 3.3 ಮೀಟರಿನಲ್ಲಿ ಕೂರುವ ನನಗೆ ವ್ಯತ್ಯಾಸ ಕಾಣುತ್ತದೆ, ಆದರೆ ಬೆರಗಾಗುವಷ್ಟಲ್ಲ. ಕಡಿಮೆ ಪಿಕ್ಸೆಲ್‌ಗಳ ಫಲಕವನ್ನು ಅತಿ ವೇಗವಾಗಿ ಅಲುಗಿಸಿ 4ಕೆ ತೋರಿಸುವ ಯಂತ್ರಗಳನ್ನೂ ನೋಡಿದ್ದೇನೆ. ಆಸನದಲ್ಲಿ ಕುಳಿತು ಅವನ್ನು ನಿಜವಾದ 4ಕೆ ಫಲಕದಿಂದ ಬೇರ್ಪಡಿಸಲು ನನಗೆ ಆಗಲಿಲ್ಲ. ಹಣ ಸೀಮಿತವಾಗಿದ್ದರೆ ಅದನ್ನು ಪಿಕ್ಸೆಲ್‌ಗಿಂತ ಮೊದಲು ಕಪ್ಪಿಗೂ ಲೆನ್ಸಿಗೂ ಕೊಡಬೇಕು.

ಬೆಳಕಿನ ಮೂಲ ಲೇಸರ್. ಅರ್ಧ ಪ್ರಕಾಶಕ್ಕೆ ಇಳಿಯಲು 20,000 ಗಂಟೆ ಎಂದು ಕೈಪಿಡಿ ಹೇಳುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಹದಿನೆಂಟು ವರ್ಷ. ಹಳೆಯದರ ದೀಪಕ್ಕೆ 4000 ಗಂಟೆಯ ಭರವಸೆಯಿತ್ತು, ಮಂಕಾಗುವುದು ಮೊದಲ ವರ್ಷದಿಂದಲೇ ತಿಳಿಯುತ್ತಿತ್ತು. ದೀಪವನ್ನಾದರೆ ನಾವೇ ಬದಲಿಸಬಹುದಿತ್ತು, ಲೇಸರ್ ಕೆಟ್ಟರೆ ಸೇವಾಕೇಂದ್ರವೇ ಗತಿ. ಸಾಮಾನ್ಯ ಸಿನಿಮಾಗಳಿಗೆ ಮಧ್ಯಮ ಶಕ್ತಿಯಲ್ಲಿ 410 ಲಕ್ಸ್, ಅಂದರೆ 130 ನಿಟ್ ದೊರೆಯುತ್ತಿದ್ದು, ಅದನ್ನೂ ತಗ್ಗಿಸಿಯೇ ನೋಡುತ್ತೇನೆ. ಎಚ್‌ಡಿಆರ್‌ಗೆ (ಹೆಚ್ಚಿನ ಪ್ರಕಾಶದ ವ್ಯಾಪ್ತಿಯ ಚಿತ್ರಗಳಿಗೆ) ಪೂರ್ತಿ ಶಕ್ತಿಯಲ್ಲಿ 180 ನಿಟ್ ಸಿಗುತ್ತದೆ. ಎಚ್‌ಡಿಆರ್ ಚಿತ್ರಗಳನ್ನು 1000 ನಿಟ್ ಅಥವಾ ಅದಕ್ಕಿಂತ ಹೆಚ್ಚಿನ ಪ್ರಕಾಶಕ್ಕೆ ಸಿದ್ಧಪಡಿಸಿರುವುದರಿಂದ ಯಂತ್ರ ಆ ವ್ಯಾಪ್ತಿಯನ್ನು ತನ್ನ ಮಿತಿಗೆ ಮಡಚಿಕೊಳ್ಳಬೇಕು. ದೃಶ್ಯದಿಂದ ದೃಶ್ಯಕ್ಕೆ ಲೆಕ್ಕ ಹಾಕಿ ಮಡಚುವ ಸೌಲಭ್ಯ ಇದರಲ್ಲಿದೆ, ಕೆಲಸವೂ ಚೆನ್ನಾಗಿದೆ; ಆದರೂ ಒಳ್ಳೆಯ ಟಿವಿಯ ಎಚ್‌ಡಿಆರ್ ಮಿಂಚನ್ನು ಪ್ರೊಜೆಕ್ಟರಿನಿಂದ ನಿರೀಕ್ಷಿಸುವವರು ನಿರಾಶರಾಗುತ್ತಾರೆ.

ಪರದೆಯಿಂದ ಒಂದು ಗೇಣು ಎರಡು ಗೇಣು ದೂರದಲ್ಲಿಡುವ ಅಲ್ಟ್ರಾ ಶಾರ್ಟ್ ಥ್ರೋ ಯಂತ್ರಗಳನ್ನೂ ಪರಿಗಣಿಸಿದ್ದೆ. ಥ್ರೋ ರೇಷಿಯೊ 0.25 ಇದ್ದರೆ ನನ್ನ ಪರದೆಗೆ 55 ಸೆಂಟಿಮೀಟರ್ ಸಾಕು. ಕೇಬಲ್ ಎಳೆಯುವ ರಗಳೆಯಿಲ್ಲ, ಶೆಲ್ಫ್ ಬೇಡ. ಆದರೆ ಬೆಳಕು ಕೆಳಗಿನಿಂದ ಅಷ್ಟು ಓರೆಯಾಗಿ ಬೀಳುವುದರಿಂದ ಪರದೆಯ ಸಣ್ಣ ಸುಕ್ಕೂ ಅಲೆಯಾಗಿ ಕಾಣುತ್ತದೆ, ಯಂತ್ರ ಒಂದು ಮಿಲಿಮೀಟರ್ ಸರಿದರೆ ಮೂಲೆ ತಪ್ಪುತ್ತದೆ, ಮೇಲಿನ ಬೆಳಕನ್ನು ತಡೆಯುವ ವಿಶೇಷ ಪರದೆ ಬೇಕು. ಹಜಾರಕ್ಕೆ ಒಪ್ಪುತ್ತದೆ. ಪ್ರತ್ಯೇಕ ಕೋಣೆಯಿರುವವರು ಆ ಕಡೆ ಹೋಗಬೇಕಾಗಿಲ್ಲ.

ಕೇಬಲ್ ವಿಷಯದಲ್ಲಿ ನಾನೇ ಎಡವಿದೆ. ಧ್ವನಿ ಮತ್ತು ಚಿತ್ರವನ್ನು ಹಂಚುವ ರಿಸೀವರಿನಿಂದ ಗೋಡೆಯೊಳಗೆ ಸುತ್ತಿ ಶೆಲ್ಫಿಗೆ ಬರಲು 12 ಮೀಟರ್ ಬೇಕಿತ್ತು. ಹಳೆಯ ತಾಮ್ರದ ಎಚ್‌ಡಿಎಂಐ ಕೇಬಲಿನಲ್ಲಿ 1080ಪಿ ಸಲೀಸಾಗಿ ಬರುತ್ತಿತ್ತು, 4ಕೆ ಎಚ್‌ಡಿಆರ್ ಹಾಕಿದೊಡನೆ ಬಿಳಿ ಚುಕ್ಕೆಗಳು ಉದುರಿ ಪರದೆ ಕಪ್ಪಾಗುತ್ತಿತ್ತು. ಸೆಕೆಂಡಿಗೆ 18 ಗಿಗಾಬಿಟ್ ಅಷ್ಟು ಉದ್ದದ ತಾಮ್ರಕ್ಕೆ ಹೆಚ್ಚಾಯಿತು. ಆಪ್ಟಿಕಲ್ ಎಚ್‌ಡಿಎಂಐ ತರಿಸಿ, ಪೈಪಿನಲ್ಲಿ ಒಂದು ಗಂಟೆ ಎಳೆದು ಜೋಡಿಸಿದರೆ ಚಿತ್ರವೇ ಇಲ್ಲ. ಆ ಕೇಬಲಿಗೆ ದಿಕ್ಕಿದೆ. ಮೂಲದ ತುದಿ, ಪ್ರದರ್ಶನದ ತುದಿ ಎಂದು ಎರಡೂ ಪ್ಲಗ್‌ಗಳ ಮೇಲೆ ಬರೆದಿರುತ್ತದೆ. ನಾನು ಓದಿರಲಿಲ್ಲ. ಮತ್ತೆ ಪೂರ್ತಿ ಎಳೆದು ತಿರುಗಿಸಿ ಹಾಕಿದೆ. ಪೈಪನ್ನು ಅಗಲವಾಗಿ ಹಾಕಿಸಿದ್ದು ಆ ದಿನ ನನ್ನ ಮಾನ ಉಳಿಸಿತು.

ಹೊಸ ಯಂತ್ರದ ಕುಂದುಗಳು ಇವೆ. ಪೂರ್ತಿ ಶಕ್ತಿಯಲ್ಲಿ ಫ್ಯಾನ್ ಸ್ಪಷ್ಟವಾಗಿ ಕೇಳಿಸುತ್ತದೆ. ಮೊದಲ ತಿಂಗಳು ಶೆಲ್ಫಿನ ಸುತ್ತ ಚೆಂದಕ್ಕೆಂದು ಮರದ ಪೆಟ್ಟಿಗೆ ಕಟ್ಟಿಸಿದ್ದೆ, ಹೊರಬಿಟ್ಟ ಬಿಸಿಗಾಳಿಯನ್ನೇ ಯಂತ್ರ ಮತ್ತೆ ಒಳಗೆಳೆದುಕೊಂಡು ಇನ್ನಷ್ಟು ಗದ್ದಲ ಮಾಡಿದ್ದರಿಂದ ಅದನ್ನು ಕಿತ್ತುಹಾಕಿದೆ. ಮೂರು ಫಲಕಗಳ ಹೊಂದಾಣಿಕೆಯಲ್ಲಿ ಬಲ ಮೂಲೆಯ ಕೆಂಪು ಅರ್ಧ ಪಿಕ್ಸೆಲ್‌ನಷ್ಟು ಸರಿದಿದೆ, ಪರದೆಯ ಬಳಿ ನಿಂತರೆ ಬಿಳಿ ಗೆರೆಗೆ ಕೆಂಪು ಅಂಚು ಕಾಣುತ್ತದೆ, ಆಸನದಿಂದ ಕಾಣುವುದಿಲ್ಲ. ಆನ್ ಮಾಡಿದಾಗ ಹೊಂದಿಸಿದ ಫೋಕಸ್ ಯಂತ್ರ ಬಿಸಿಯೇರುತ್ತಿದ್ದಂತೆ ಸ್ವಲ್ಪ ಸಡಿಲಾಗುತ್ತದೆ, ಆದ್ದರಿಂದ ಮೊದಲ ಅರ್ಧ ಗಂಟೆ ಅದನ್ನು ಓಡಲು ಬಿಟ್ಟು ಆಮೇಲೆ ಹೊಂದಿಸಿ, ಆ ಸ್ಥಾನವನ್ನೇ ಉಳಿಸಿಟ್ಟಿದ್ದೇನೆ. ಆಟವಾಡುವವರಿಗೆ ಪ್ರತಿಕ್ರಿಯೆ ನಿಧಾನವೆನಿಸಬಹುದು, ನಾನು ಆಡುವುದಿಲ್ಲ.

ಸಂಜೆಗತ್ತಲಲ್ಲೋ ರಾತ್ರಿಯಲ್ಲೋ ಕೋಣೆಯ ಬಾಗಿಲು ಹಾಕಿ ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ನೋಡುವವರಿಗೆ ಈ ವರ್ಗದ ಯಂತ್ರವನ್ನು ಸಂಕೋಚವಿಲ್ಲದೆ ಸೂಚಿಸುತ್ತೇನೆ. ದೀಪ ಹಾಕಿಕೊಂಡು, ಮಾತನಾಡುತ್ತ, ಸುದ್ದಿಯನ್ನೂ ಕ್ರಿಕೆಟ್ಟನ್ನೂ ನೋಡುವ ಮನೆಗೆ ಇದು ಬೇಡ. ಅಲ್ಲಿ ದೊಡ್ಡ ಟಿವಿಯೇ ಚೆಂದ. ಇನ್ನೂ ಗೊಂದಲದಲ್ಲಿರುವವರು ಒಂದು ಅಳತೆಯ ಟೇಪು, ಒಂದು ದಾರದುಂಡೆ, ಎರಡು ಸುತ್ತು ಮಾಸ್ಕಿಂಗ್ ಟೇಪು ತೆಗೆದುಕೊಂಡು ಕೋಣೆಗೆ ಹೋಗಲಿ. ಅಂಗಡಿಗೆ ಮುಂದಿನ ವಾರ ಹೋಗಬಹುದು.